ಮೂರು ವಿಶಲ್ಲಿನ ರಿವಾಲ್ವರ್

ಹೇಮಚಂದ್ರ ಆ ಭಾನುವಾರ ಅನುಭವಿಸಿದ ಸಂಕಟಕ್ಕೆಲ್ಲ ಕಾರಣ ನಿಂಬೆಹಣ್ಣಿನ ಗಾತ್ರದ ಒಂದು ಹುಣಸೆಹಣ್ಣಿನ ಉಂಡೆ.

ಅವನ ಅತ್ತೆ ವಸುಂಧರಮ್ಮನವರು ಮೈಸೂರಿನಿಂದ ಕಡಲಾಚೆಯ ಅತ್ಲೋನ್ ಎಂಬ ಊರಿಗೆ ಬಂದದ್ದು ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ, ಮೂರು ತಿಂಗಳ ಮಟ್ಟಿಗೆ. ಮಾರ್ಚಿನಲ್ಲಿ ವಿಮಾನಗಳು ನಿಂತವು. ಅಕ್ಟೋಬರ್ ಮುಗಿಯುತ್ತ ಬಂದರೂ ಅವರು ಇಲ್ಲಿಯೇ ಇದ್ದರು. ಹೊರಗೆ ಹೋಗುವಂತಿಲ್ಲ, ಯಾರನ್ನೂ ಒಳಗೆ ಕರೆಯುವಂತಿಲ್ಲ. ಕೆಲಸವಿಲ್ಲದೆ ಕೂತ ಆ ಎರಡು ಕೈಗಳು ತೊಳೆಯುವುದನ್ನೇ ಹಿಡಿದುಕೊಂಡವು. ಮೊದಮೊದಲು ಅಂಗಡಿಯಿಂದ ಬಂದ ಹಾಲಿನ ಡಬ್ಬ, ಬ್ರೆಡ್ಡಿನ ಪೊಟ್ಟಣಗಳಿಗೆ ಸೋಪಿನ ನೀರಿನ ಸ್ನಾನವಾಗುತ್ತಿತ್ತು. ಆಮೇಲೆ ಹುಣಸೆಹಣ್ಣು ಹೊರಬಂತು. ಮುಂಬಾಗಿಲು ಬಡಿಯುವ ಹಿತ್ತಾಳೆಯ ಬಳೆ, ಕಾಗದ ಹಾಕುವ ಕಿಂಡಿ, ನಲ್ಲಿಗಳು, ಕೊನೆಗೆ ಮನೆಯ ನಂಬರಿನ ಒಂಬತ್ತು ಕೂಡ ಫಳಫಳ ಎಂದವು. ಪಕ್ಕದ ಮನೆಯ ಬ್ರೀಡಾ ಎಂಬ ಹೆಂಗಸು ಬೇಲಿಯಾಚೆ ನಿಂತು "ಗ್ರ್ಯಾಂಡ್!" ಎಂದಿದ್ದಳು. ಚೆನ್ನಾಗಿದೆ, ಸರಿಯಾಗಿದೆ, ಆಗಲಿ ಎನ್ನುವುದಕ್ಕೆಲ್ಲ ಈ ಊರಿನಲ್ಲಿ ಅದೊಂದೇ ಮಾತು. ಅಷ್ಟು ಹೊತ್ತಿಗೆ ಮನೆಯಲ್ಲಿ ಉಜ್ಜುವುದಕ್ಕೆ ಹೇಮಚಂದ್ರನ ಹೊರತು ಬೇರೇನೂ ಉಳಿದಿರಲಿಲ್ಲ.

ಹಾಗಿರುವಾಗ ಆಯುಧಪೂಜೆ ಬಂತು.

ಅವತ್ತೇ ಈ ದೇಶದವರು ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನ ಕೂಡ. ವಸುಂಧರಮ್ಮನವರು ಬೆಳಿಗ್ಗೆ ಎದ್ದವರೇ, "ಸರಕಾರ ಗಡಿಯಾರ ತಿರುಗಿಸಿದ ಮಾತ್ರಕ್ಕೆ ರಾಹುಕಾಲ ಹಿಂದಕ್ಕೆ ಹೋಗತ್ತಾ?" ಎಂದು ಕೇಳಿ ಮಗಳನ್ನು ಪೇಚಿಗೆ ಸಿಕ್ಕಿಸಿದರು. ಮಗಳು ವಿನೋದಿನಿ ಪಕ್ಕದೂರಿನ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ಗಂಡನನ್ನು ನಿಲ್ಲಿಸಿದಳು.

"ನೋಡಿ, ಮಧ್ಯಾಹ್ನ ಮೂರಕ್ಕೆ ಫಿಂಟನ್ ಬರ್ತಾರೆ. ಲೀಸ್‌ಗೆ ಸೈನ್ ಬೀಳೋವರೆಗೂ ಮನೇಲಿ ಏನೂ ಎಡವಟ್ಟಾಗಬಾರದು. ಅಮ್ಮನ ಕಡೆ ಒಂದು ಕಣ್ಣಿಟ್ಟಿರಿ."

ಎಡವಟ್ಟಾದರೆ ಏನಾಗುತ್ತದೆಂದು ಹೇಮಚಂದ್ರನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅತ್ಲೋನಿನಲ್ಲಿ ಬಾಡಿಗೆ ಮನೆಗಳೇ ಇಲ್ಲ. ಅವನ ಗೆಳೆಯ ಸಂಪತ್ ಲೀಸು ತಪ್ಪಿ, ಮೂರು ತಿಂಗಳು ಹುಡುಕಿ, ಸೋತು, ಮಕ್ಕಳುಮರಿ ಕಟ್ಟಿಕೊಂಡು ದೂರದ ಮೇನೂತಿನಲ್ಲಿ ಒಂದೇ ಕೋಣೆಯಲ್ಲಿದ್ದ. ಅದರ ಮೇಲೆ ಇವರಿಬ್ಬರೂ ಪೌರತ್ವಕ್ಕೆ ಅರ್ಜಿ ಹಾಕಿದ್ದರು. ಪೊಲೀಸರ ಪುಸ್ತಕದಲ್ಲಿ ಹೆಸರಿನ ಮುಂದೆ ಒಂದು ಚುಕ್ಕೆಯೂ ಬೀಳಬಾರದ ಕಾಲ ಅದು.

ಫಿಂಟನ್ ಎಂದರೆ ಮನೆಯ ಮಾಲೀಕ. ಎಪ್ಪತ್ತು ವರ್ಷದ ಬ್ರಹ್ಮಚಾರಿ, ಎರಡು ಬೀದಿ ಆಚೆ ವಾಸ, ಮಾತು ಕಡಿಮೆ. ಹೇಮಚಂದ್ರನನ್ನು ಅವನು ಕರೆಯುವುದು 'ಹ್ಯಾಮ್' ಎಂದು. ಮೊಟ್ಟೆಯನ್ನೂ ಮುಟ್ಟದ ಮನುಷ್ಯನಿಗೆ ಹಂದಿಮಾಂಸದ ಹೆಸರು. ಆದರೆ ಮನೆ ಕೊಟ್ಟವನಿಗೆ ತಿದ್ದಿ ಹೇಳುವವರು ಯಾರು? ಹಿತ್ತಲಿನ ಶೆಡ್ಡು ಮಾತ್ರ ಫಿಂಟನ್ ಬಿಟ್ಟುಕೊಟ್ಟಿರಲಿಲ್ಲ. ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಒಂದು ಕೀಲಿ ಇವರಿಗೆ ಕೊಟ್ಟು, ಎಡಗಡೆಯ ಕಪಾಟು ಮುಟ್ಟಕೂಡದು ಎಂದಿದ್ದ. ಮಂಗಳವಾರ, ಶುಕ್ರವಾರ ತಾನೇ ಬಂದು, ಒಂದು ಕೆಟಲ್ ಹಿಡಿದು ಶೆಡ್ಡಿನೊಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಒಂದು ಗಂಟೆಯ ಮೇಲೆ ಬೆರಳೆಲ್ಲ ಕಂದು ಮಾಡಿಕೊಂಡು ಹೊರಬರುತ್ತಿದ್ದ. ಟೀ ಕುಡಿಯುವುದಕ್ಕೆ ಈತನಿಗೆ ಸ್ವಂತ ಮನೆಯಿಲ್ಲವೇ ಎಂದು ಹೇಮಚಂದ್ರನಿಗೆ ಮೊದಲಿಂದಲೂ ಅನುಮಾನ. "ಒಂಟಿ ಜೀವ, ಬಿಡಿ" ಎಂದು ವಿನೋದಿನಿ ಬಾಯಿ ಮುಚ್ಚಿಸಿದ್ದಳು.

ಹೆಂಡತಿ ಹೋದಮೇಲೆ ಹೇಮಚಂದ್ರ ಮಹಡಿ ಹತ್ತಿದ. ಭಾನುವಾರವಾದರೂ ಆಫೀಸಿನ ಸಾಫ್ಟ್‌ವೇರ್ ರಿಲೀಸು ಇತ್ತು. ಎರಡೂವರೆ ಗಂಟೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದು ಕೆಳಗಿಳಿದು ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಪೂಜೆ ಸಿದ್ಧವಾಗಿತ್ತು. ವಿನೋದಿನಿಯ ಹಳೆಯ ಸ್ಟೆತಸ್ಕೋಪು, ಕಾರಿನ ಎರಡನೆಯ ಬೀಗದ ಕೈ, ಮಿಕ್ಸಿ, ಈಳಿಗೆಮಣೆ, ಸುತ್ತಿಗೆ, ಇಕ್ಕಳ, ಎಲ್ಲಕ್ಕೂ ಅರಿಸಿನ ಕುಂಕುಮ. ನಟ್ಟ ನಡುವೆ, ಬ್ರೀಡಾಳ ತೋಟದ್ದೆಂದು ಮೇಲುನೋಟಕ್ಕೇ ತಿಳಿಯುವ ಒಂದು ಸೇವಂತಿಗೆ ಮುಡಿದುಕೊಂಡು, ಗೇಣುದ್ದದ ಪಿಸ್ತೂಲು ಹೊಳೆಯುತ್ತ ಮಲಗಿತ್ತು.

"ಅತ್ತೆ, ಇದೇನಿದು?"

"ಆಯುಧ" ಎಂದರು ವಸುಂಧರಮ್ಮ. "ಲ್ಯಾಪ್‌ಟಾಪ್‌ಗೆ, ಮಿಕ್ಸಿಗೆ ಪೂಜೆ ಮಾಡಿ ಮಾಡಿ ಸಾಕಾಗಿತ್ತು ಅಳಿಯಂದ್ರೇ. ಸುತ್ತಿಗೆ ತರೋಣ ಅಂತ ಶೆಡ್ಡಿಗೆ ಹೋದೆ. ಕಪಾಟಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ತೆಗೆದು ನೋಡಿದ್ರೆ, ದೇವರೇ ಕೊಟ್ಟ ಹಾಗೆ ನಿಜವಾದ ಆಯುಧ! ಕಿಲುಬು ಹಿಡಿದು ಕಂದಾಗಿ ಕೂತಿತ್ತು ಪಾಪ. ಎರಡು ಗಂಟೆ ಉಜ್ಜಿದೀನಿ. ಮೊದಲು ಬಂದ ನೀರು ಥೇಟ್ ಈ ಊರಿನ ಟೀ. ಬಣ್ಣ ಹಾಗಿರಲಿ, ವಾಸನೇನೂ ಟೀನೇ."

ಹೇಮಚಂದ್ರನ ತಲೆಗೆ ಟೀ ಹೋಗಲಿಲ್ಲ, ಪಿಸ್ತೂಲೊಂದೇ ಹೋಯಿತು. ಒಂಟಿ ಮುದುಕ, ಬೀಗ ಹಾಕಿದ ಶೆಡ್ಡು, ಮುಟ್ಟಬೇಡ ಎಂದ ಕಪಾಟು. ಈತ ಹಿಂದೆ ಯಾರಿಗೆ ಗುಂಡು ಹೊಡೆದವನೋ, ಯಾರಿಗೆ ಬಚ್ಚಿಟ್ಟುಕೊಟ್ಟವನೋ! ಈಗ ಅದರ ಮೇಲೆ ಇರುವ ಬೆರಳ ಗುರುತು ಮಾತ್ರ ಮೈಸೂರಿನವರದ್ದು.

"ಯಾರಿಗೂ ಹೇಳಬೇಡಿ ಅತ್ತೆ. ಯಾರೂ ನೋಡಲಿಲ್ಲ ತಾನೇ?"

"ಯಾರು ನೋಡ್ತಾರೆ? ನಮ್ಮ ಅತ್ಲೋನ್ ಕನ್ನಡ ಗ್ರೂಪಿಗೆ ಒಂದು ಫೋಟೋ ಹಾಕಿದೀನಿ, ಅಷ್ಟೇ."

ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಆ ಗ್ರೂಪಿನ ಹಿರಿಯ, ಕೇಳದಿದ್ದರೂ ಸಲಹೆ ಕೊಡುವ ಶಿವರುದ್ರಪ್ಪನವರು.

"ಏನ್ರೀ ಹೇಮಚಂದ್ರ, ಗನ್ ಇಟ್ಕೊಂಡಿದೀರಂತೆ? ಮೊದ್ಲು ಆ ಫೋಟೋ ಡಿಲೀಟ್ ಮಾಡ್ಸಿ. ಗ್ರೂಪಲ್ಲಿ ಪೊಲೀಸ್ ಇದ್ರೆ ಏನ್ರೀ ಗತಿ?"

"ಕನ್ನಡ ಗ್ರೂಪಲ್ಲಿ ಇಲ್ಲಿನ ಪೊಲೀಸ್ ಯಾಕಿರ್ತಾರೆ ಸರ್?"

"ಅದನ್ನೇ ನಾನೂ ಕೇಳ್ತಿರೋದು! ಚಿಕ್ಕಣ್ಣ ಅಂತ ಒಬ್ಬ ಇದಾನೆ. ಎರಡು ವರ್ಷದಿಂದ ಒಂದು ಮಾತಾಡಿಲ್ಲ, ಬರೀ ಹೆಬ್ಬೆರಳು ಎತ್ತಿ ತೋರಿಸ್ತಾನೆ. ನಿಮ್ಮ ಗನ್ನಿಗೂ ಎತ್ತಿದಾನೆ. ನನಗ್ಯಾಕೋ ಡೌಟು."

ಹೇಮಚಂದ್ರ ಅತ್ತೆಯ ಫೋನು ತೆಗೆದುಕೊಂಡು ಫೋಟೋ ಅಳಿಸಿದ. ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿ ಕಪಾಟಿನಲ್ಲಿಟ್ಟು ಬಂದುಬಿಟ್ಟರೆ ಮುಗಿಯಿತು, ಯಾವ ಕೊಲೆಯೋ ಯಾವ ಸುಲಿಗೆಯೋ ತನಗೇಕೆ ಎಂದುಕೊಂಡು ಸೇವಂತಿಗೆ ಕಿತ್ತ. ಮತ್ತೆ ಫೋನು ಬಂತು. ಈ ಸಲ ಫಿಂಟನ್. ಇಂಗ್ಲಿಷಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಆದರೂ ಮನೆ ಮಾಲೀಕನಾದ್ದರಿಂದ ಅವನು 'ನೀನು' ಎಂದೇ ಹೇಳಿದನೆಂದು ಇಟ್ಟುಕೊಳ್ಳೋಣ.

"ಹ್ಯಾಮ್, ಮೂರಕ್ಕೆ ನನ್ನ ಜೊತೆ ಒಬ್ಬರು ಬರ್ತಾರೆ. ಶೆಡ್ಡಿನ ಕಪಾಟಿನಿಂದ ಮರದ ಪೆಟ್ಟಿಗೆ ತೆಗೆದು ಹಿತ್ತಲ ಮೇಜಿನ ಮೇಲಿಡು. ತೆರೆಯಬೇಡ. ಒಳಗಿರೋದು ನೂರ ಅರವತ್ತು ವರ್ಷದ ಹಳೇ ಪರ್ಕಶನ್ ರಿವಾಲ್ವರ್."

ಪರ್ಕಶನ್ ಎಂದರೆ ಹೇಮಚಂದ್ರನಿಗೆ ಗೊತ್ತಿದ್ದದ್ದು ಮೃದಂಗ, ಘಟ, ಖಂಜಿರ. "ಅದು... ವಾದ್ಯವೇ?" ಎಂದು ಕೇಳಿದ.

"ವಾದ್ಯ ಅಲ್ಲ ಮಾರಾಯ. ತೋಟಾ ಬರೋದಕ್ಕೆ ಮುಂಚಿನ ಕಾಲದ್ದು. ಹಿಂದುಗಡೆ ತಾಮ್ರದ ಪುಟ್ಟ ಟೋಪಿ ಇಟ್ಟರೆ ಕುದುರೆ ಅನ್ನೋ ಪುಟ್ಟ ಸುತ್ತಿಗೆ ಅದನ್ನ ಬಡಿಯುತ್ತೆ, ಕಿಡಿ ಮದ್ದಿಗೆ ತಾಗುತ್ತೆ. ಇಂಥಾದ್ದು ಈಗ ಬೆರಳೆಣಿಕೆ. ಬರ್ತಿರೋರು ದೊಡ್ಡ ಸಂಗ್ರಾಹಕರು. ಅವರಿಗೆ ಬೇಕಾಗಿರೋದು ಅದರ ಮೇಲಿನ ಕಂದು ಬಣ್ಣ. ನೂರ ಅರವತ್ತು ವರ್ಷ ಕೂತು ಕೂತು ಬಂದ ಕಂದು. ಅದು ಹೋದರೆ ಬರೀ ಕಬ್ಬಿಣ. ಒಂದು ಹೆಬ್ಬೆರಳೂ ತಾಗಬಾರದು ಹ್ಯಾಮ್. ಇದೊಂದು ಮುಗಿದರೆ ನಿಮ್ಮ ಲೀಸು ಅಲ್ಲೇ ಸೈನ್ ಮಾಡಿಬಿಡೋಣ."

ಹೇಮಚಂದ್ರ ಫೋನಿಟ್ಟು ಮೇಜಿನ ಕಡೆ ನೋಡಿದ. ರಿವಾಲ್ವರು ಹೊಸ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು. ಫಿಂಟನ್ ಕೊಲೆಗಡುಕನಾಗಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ಮನಸಾರೆ ಅನ್ನಿಸಿತು.

"ಇದು ಪರ್ಕಶನ್ ಅಂತೆ ಅತ್ತೆ, ಆದರೆ ವಾದ್ಯ ಅಲ್ಲ. ಅದರ ಕಂದು ಬೇಕಂತೆ. ನೀವು ತೊಳೆದಿದ್ದೇ ಅದರ ಬೆಲೆ ಇದ್ದ ಭಾಗ."

"ಕೊಳೆಗಾ ಬೆಲೆ?" ವಸುಂಧರಮ್ಮನವರಿಗೆ ಈ ದೇಶದ ಮೇಲೆ ಉಳಿದಿದ್ದ ಗೌರವವೂ ಹೋಯಿತು. "ಹೇಳಬಾರದಾಗಿತ್ತಾ? ಅದಿರಲಿ, ಪರ್ಕಶನ್ ಅಂದ್ರಲ್ಲ, ವಾದ್ಯ ಆಗಿದ್ರೆ ಸರಸ್ವತಿ ಪೂಜೆ ದಿನವೇ ಇಡಬೇಕಿತ್ತು."

ಗಂಟೆ ಹನ್ನೆರಡೂವರೆ. ನೂರ ಅರವತ್ತು ವರ್ಷದ ಕೊಳೆಯನ್ನು ಎರಡೂವರೆ ಗಂಟೆಯಲ್ಲಿ ಮರಳಿ ತರಬೇಕಾಗಿತ್ತು. ಹೇಮಚಂದ್ರ ಮೊದಲು ಅರಿಸಿನ ಕಲಸಿ ಬಳಿದ. ರಿವಾಲ್ವರು ಮದುಮಗನ ಹಾಗಾಯಿತು. ಅದನ್ನೊರೆಸಿ ಉಪ್ಪು, ವಿನೆಗರ್ ಹಚ್ಚಿದ. ಉಪ್ಪಿನಕಾಯಿಯ ವಾಸನೆ ಬಂತೇ ಹೊರತು ವಯಸ್ಸು ಬರಲಿಲ್ಲ. ಕೊನೆಗೆ ಹಿತ್ತಲಿಗೆ ಹೋಗಿ ಹೂವಿನ ಪಾತಿಯ ಒದ್ದೆ ಮಣ್ಣಿನಲ್ಲಿ ಮಂಡಿಯೂರಿ ಅದನ್ನು ಹೊರಳಿಸತೊಡಗಿದ. ತಲೆಯೆತ್ತಿ ನೋಡಿದರೆ ಬೇಲಿಯ ಮೇಲೆ ಬ್ರೀಡಾಳ ಮುಖವಿತ್ತು. ಆ ಮುಖ ಮೊದಲು ಅವನ ಕುಂಕುಮ ಮೆತ್ತಿದ ಕೆಂಪು ಕೈಗಳನ್ನು ನೋಡಿತು, ಆಮೇಲೆ ಮಣ್ಣಿನಲ್ಲಿ ಅರ್ಧ ಹೂತಿದ್ದ ಪಿಸ್ತೂಲನ್ನು ನೋಡಿತು.

"ಎಲ್ಲ ಗ್ರ್ಯಾಂಡಾ?" ಎಂದಳು ಬ್ರೀಡಾ, ತೆಳ್ಳಗಿನ ದನಿಯಲ್ಲಿ.

"ಗ್ರ್ಯಾಂಡ್" ಎಂದ ಹೇಮಚಂದ್ರ.

"ನಿನ್ನ ಹೆಂಡತಿ ಕಾಣ್ತಾ ಇಲ್ಲವಲ್ಲ?"

"ಆಸ್ಪತ್ರೇಲಿದಾಳೆ."

ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ ಎಂದು ಪೂರ್ತಿ ಮಾಡುವ ಮುಂಚೆ ಬ್ರೀಡಾಳ ಮುಖ ಮಾಯವಾಗಿ, ಅವಳ ಹಿಂಬಾಗಿಲ ಚಿಲಕ ಬಿದ್ದ ಸದ್ದು ಕೇಳಿಸಿತು.

ಒಳಗೆ ಓಡಿಬಂದು ಸಿಂಕಿನಲ್ಲಿ ರಿವಾಲ್ವರು ತೊಳೆಯುವಾಗ ಅವನ ಕಣ್ಣಿಗೆ ತನ್ನದೇ ಕಾಫಿ ಕಪ್ಪು ಬಿತ್ತು. ಅದರ ತಳದಲ್ಲಿ ಕಂದು ಬಣ್ಣದ ಒಂದು ಉಂಗುರವಿತ್ತು. ವಸುಂಧರಮ್ಮನವರ ಹುಣಸೆಹಣ್ಣಿಗೆ ಈ ಮನೆಯಲ್ಲಿ ಜಗ್ಗದೆ ಉಳಿದ ಒಂದೇ ಒಂದು ಕಲೆ ಅದು.

"ಅತ್ತೆ, ಡಿಕಾಕ್ಷನ್!"

ವಸುಂಧರಮ್ಮ ಎದೆಗೆ ಕೈಯಿಟ್ಟುಕೊಂಡರು. ಫೆಬ್ರವರಿಯಲ್ಲಿ ಅವರು ಮೈಸೂರಿನಿಂದ ತಂದ ಕಾಫಿಪುಡಿಯಲ್ಲಿ ಉಳಿದಿದ್ದದ್ದು ಒಂದೇ ಪೊಟ್ಟಣ. ವಿಮಾನ ಹಾರುವ ತನಕ ಬರಬೇಕೆಂದು ದಿನಕ್ಕೆ ತಲಾ ಅರ್ಧ ಲೋಟದಂತೆ ಕುಡಿಯುತ್ತಿದ್ದರು. ಹೇಮಚಂದ್ರನಿಗೆ ಆ ಅರ್ಧ ಲೋಟವಿಲ್ಲದಿದ್ದರೆ ಬೆಳಗಾಗುತ್ತಿರಲಿಲ್ಲ. ಆದರೆ ಮನೆಯೇ ಹೋದರೆ ಬೆಳಗು ಎಲ್ಲಿ ಆಗುತ್ತದೆ? ಮುಕ್ಕಾಲು ಪೊಟ್ಟಣವನ್ನು ಕುದಿವ ನೀರಿಗೆ ಸುರಿದ. ಕಬ್ಬಿಣ ಸ್ವಲ್ಪ ಕಂದಿತು, ಸಾಲಲಿಲ್ಲ.

"ಹೀಗೆ ಬರೀ ಅದ್ದಿದ್ರೆ ಹತ್ತಲ್ಲ" ಎಂದರು ವಸುಂಧರಮ್ಮ, ತಾವೇ ತೊಳೆದ ತಪ್ಪಿಗೆ ತುಸು ಕುಗ್ಗಿದ ದನಿಯಲ್ಲಿ. "ಕುಕ್ಕರ್‌ನಲ್ಲಿಡಿ. ಮೂರು ವಿಶಲ್ ಕೂಗಿಸಿ."

ಹಾಗೆ ಅತ್ಲೋನಿನ ಒಂದು ಅಡುಗೆಮನೆಯಲ್ಲಿ ಪರ್ಕಶನ್ ರಿವಾಲ್ವರು, ಉಳಿದ ಕಾಲು ಪೊಟ್ಟಣ ಪುಡಿಯೂ ಸೇರಿದ ಡಿಕಾಕ್ಷನ್ನಿನೊಂದಿಗೆ, ಐದು ಲೀಟರಿನ ಕುಕ್ಕರಿಗೆ ಇಳಿಯಿತು. ಹಿಡಿ ಮಾತ್ರ ಹಿಡಿಸಲಿಲ್ಲ. ಎರಡು ತಿರುಪು ಬಿಚ್ಚಿ ಮರದ ಹಿಡಿಯನ್ನು ಬೇರೆ ತೆಗೆದಿಟ್ಟರು.

ಮೊದಲ ವಿಶಲ್ ಕೂಗುವುದಕ್ಕೂ ಮುಂಬಾಗಿಲ ಹಿತ್ತಾಳೆಯ ಬಳೆ ಸದ್ದಾಗುವುದಕ್ಕೂ ಸರಿಹೋಯಿತು. ಬಾಗಿಲು ತೆರೆದರೆ ಎರಡು ಮೀಟರು ದೂರದಲ್ಲಿ, ಮಾಸ್ಕು ಹಾಕಿದ, ಬಾಗಿಲಿನಷ್ಟೇ ಎತ್ತರದ ಗಾರ್ಡಾ. ಇಲ್ಲಿಯ ಪೊಲೀಸರಿಗೆ ಅದೇ ಹೆಸರು. ಅವನ ಬೂಟಿನ ಪಕ್ಕದಲ್ಲಿ, ಗೇಟಿನಿಂದ ಮೆಟ್ಟಿಲವರೆಗೂ ಕೆಂಪೋ ಕೆಂಪು. ಬೂದುಗುಂಬಳ ಸಿಗದ ಊರಿನಲ್ಲಿ ವಸುಂಧರಮ್ಮ ಅಂಗಡಿಯ ಕಿತ್ತಳೆ ಬಣ್ಣದ ಕುಂಬಳವನ್ನೇ ಕೊರೆದು, ಕುಂಕುಮ ತುಂಬಿ, ದೃಷ್ಟಿ ತೆಗೆದು ಬಾಗಿಲ ಮುಂದೆ ಒಡೆದಿದ್ದರು. ಬೆಳಿಗ್ಗೆ ವಿನೋದಿನಿ ಹೊರಟಾಗ ಕಾರಿನ ಗಾಲಿಯಡಿ ಅಪ್ಪಚ್ಚಿಯಾದ ನಾಲ್ಕು ನಿಂಬೆಹಣ್ಣೂ ಕೆಂಪಾಗಿ ಬಿದ್ದಿದ್ದವು.

ಹೇಮಚಂದ್ರನ ಕಣ್ಣಮುಂದೆ ಪೌರತ್ವದ ಅರ್ಜಿ ಚೂರುಚೂರಾಗಿ ಹಾರಿಹೋಯಿತು.

"ಸರ್, ಒಬ್ಬರು ಫೋನ್ ಮಾಡಿದ್ದರು" ಎಂದ ಗಾರ್ಡಾ. "ನಿಮ್ಮ ಕೈಯಲ್ಲಿ ಬಂದೂಕು ಕಂಡಿತಂತೆ. ಮೈಮೇಲೆ ರಕ್ತ ಇತ್ತಂತೆ."

ಹೇಮಚಂದ್ರ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. "ಅದು ಅಡುಗೆಮನೇಲಿದೆ ಸರ್, ಅದನ್ನ ನಾವು ಈಗ..." ಎಂದು ಬಾಯಿ ತೆರೆದ. ಕುಕ್ಕರು ಎರಡನೆಯ ವಿಶಲ್ ಕೂಗಿತು. ಗಾರ್ಡಾ ಬೆಚ್ಚಿ ಸೊಂಟಕ್ಕೆ ಕೈಹಾಕಿದ.

"ಏನದು?"

"ಬೇಳೆ" ಎಂದುಬಿಟ್ಟ ಹೇಮಚಂದ್ರ. ಹೇಗೆ ಬಂತೋ ಆ ಮಾತು ಅವನಿಗೇ ತಿಳಿಯಲಿಲ್ಲ.

ಗಾರ್ಡಾ ಕುಂಬಳಕಾಯಿಯ ಚೂರುಗಳನ್ನು ನೋಡಿದ. ನಿಂಬೆಹಣ್ಣು ನೋಡಿದ. ಹೇಮಚಂದ್ರನ ಕೆಂಪು ಕೈ, ಮಣ್ಣು ಮೆತ್ತಿದ ಮಂಡಿ, ಹಿಂದೆ ಹಣೆಯ ತುಂಬ ಕುಂಕುಮವಿಟ್ಟು ತಟ್ಟೆಯಲ್ಲಿ ಉಸಲಿ ಹಿಡಿದು ನಿಂತ ವಸುಂಧರಮ್ಮ, ಎಲ್ಲವನ್ನೂ ನೋಡಿದ. ಆಮೇಲೆ ಮಾಸ್ಕಿನ ಮೇಲಿನ ಅವನ ಕಣ್ಣುಗಳು ನಕ್ಕವು.

"ಹ್ಯಾಲೊವೀನ್! ದೆವ್ವದ ಹಬ್ಬಕ್ಕೆ ಇನ್ನೂ ಒಂದು ವಾರ ಇದೆ, ಆಗಲೇ ಶುರು ಮಾಡಿಬಿಟ್ಟಿದೀರಾ? ಈ ಬೀದೀಲೇ ನಿಮ್ಮದು ಚೆನ್ನಾಗಿದೆ ಬಿಡಿ. ಆಟಿಕೆ ಬಂದೂಕು ಮಾತ್ರ ಹೊರಗೆ ಬೀಸಬೇಡಿ, ವಯಸ್ಸಾದವರು ಹೆದರ್ತಾರೆ. ಒಳಗೆ ಬಂದು ನೋಡಬೇಕಾಗಿತ್ತು, ಆದರೆ ಈ ಕಾಯಿಲೆ ಕಾಲದಲ್ಲಿ ಬೇಡ." ಹೊರಟವನು ನಿಂತು ಮಾಸ್ಕು ಸ್ವಲ್ಪ ಕೆಳಗೆಳೆದು ಮೂಸಿದ. "ನಿಮ್ಮ ಬೇಳೆ ಕಾಫಿ ವಾಸನೆ ಬರುತ್ತಲ್ಲ?"

"ನಮ್ಮ ಕಡೆ ಹಾಗೇ ಸರ್."

"ಗ್ರ್ಯಾಂಡ್."

ಬಾಗಿಲು ಹಾಕಿಕೊಂಡ ಹೇಮಚಂದ್ರ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಮೂರನೆಯ ವಿಶಲ್ ಅವನ ಪಾಲಿಗೆ ಮಂಗಳಾರತಿಯ ಜಾಗಟೆಯ ಹಾಗೆ ಕೇಳಿಸಿತು.

ಮುಚ್ಚಳ ತೆಗೆದಾಗ ಅತ್ತೆ, ಅಳಿಯ ಇಬ್ಬರೂ ಬಗ್ಗಿ ನೋಡಿದರು. ಹೊಳಪು ಎಲ್ಲಿಯೂ ಇರಲಿಲ್ಲ. ಹಳೆಯ ದೇವಸ್ಥಾನದ ಬಾಗಿಲಿನ ಬಣ್ಣ, ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಜೇನು. ಒರೆಸಿ, ಹಿಡಿ ತಿರುಪಿ, ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಹಿತ್ತಲ ಮೇಜಿಗೆ ತಂದಿಡುವಷ್ಟರಲ್ಲಿ ಮೂರು ಗಂಟೆಯಾಗಿತ್ತು.

ಫಿಂಟನ್ ಜೊತೆ ಬಂದ ಸಂಗ್ರಾಹಕ ದುಂಡಗಿನ, ಬಿಳಿ ಮೀಸೆಯ ಮನುಷ್ಯ. ಮೇನೂತಿನಿಂದ ಬಂದಿದ್ದ. ಐದು ಕಿಲೋಮೀಟರಿನಾಚೆ ಯಾರೂ ಹೋಗಕೂಡದೆಂದು ಕಟ್ಟಳೆ ಇದ್ದ ದಿನಗಳವು. ಆದ್ದರಿಂದ ದಾರಿಯಲ್ಲಿ ಯಾರೂ ತಡೆಯದಿರಲೆಂದು ರಸ್ತೆ ರಿಪೇರಿಯವನ ಹಳದಿ ಜಾಕೀಟು ಹಾಕಿಕೊಂಡಿದ್ದ. ಫಿಂಟನ್ನಿನ ಮುಖದಲ್ಲಿ ರಕ್ತವಿರಲಿಲ್ಲ. ಪೆಟ್ಟಿಗೆ ತೆರೆದಾಗ ಅವನು ರಿವಾಲ್ವರನ್ನು ನೋಡಿದ, ಮೂಗಿನಲ್ಲಿ ಒಮ್ಮೆ ಉಸಿರೆಳೆದುಕೊಂಡ, ನಿಧಾನವಾಗಿ ಕತ್ತು ತಿರುಗಿಸಿ ಹೇಮಚಂದ್ರನನ್ನು ನೋಡಿದ. ಹೇಮಚಂದ್ರ ಬೇಲಿಯ ಮೇಲಿನ ಕಾಗೆಯನ್ನು ನೋಡಿದ.

ಸಂಗ್ರಾಹಕ ಕೈಗವಸು ತೊಟ್ಟು, ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು ಕೂತ. "ಈಚೆಗೆ ಕಳ್ಳರು ಹೆಚ್ಚಾಗಿದಾರೆ ಮಿಸ್ಟರ್ ಫಿಂಟನ್. ಹೊಸದಾಗಿ ಮಾಡಿದ ನಕಲಿಗಳನ್ನ ತಿಂಗಳುಗಟ್ಟಲೆ ಟೀಯಲ್ಲಿ ನೆನೆಹಾಕಿ, ಹಳೇದು ಅಂತ ತರ್ತಾರೆ. ಕಣ್ಣಿಗೆ ಗೊತ್ತಾಗಲ್ಲ. ಆದರೆ ಟೀ ಹಾಕಿದ್ದನ್ನ ನನ್ನ ಮೂಗು ಹತ್ತು ಅಡಿ ದೂರದಿಂದ ಹೇಳುತ್ತೆ."

ಫಿಂಟನ್ ಕೆಮ್ಮಿದ. ಆ ಕಾಲದಲ್ಲಿ ಕೆಮ್ಮಿದವರನ್ನು ಕಂಡರೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಸಂಗ್ರಾಹಕ ಮಾತ್ರ ಮಾಸ್ಕು ಇಳಿಸಿ, ಕೊಳವೆಗೆ ಮೂಗು ತಾಗಿಸಿ, ಕಣ್ಣು ಮುಚ್ಚಿ ಮೂಸಿದ.

"ಟೀ ಅಲ್ಲ. ಇದು... ಕಾಫಿ?"

"ಹೌದು" ಎಂದ ಫಿಂಟನ್, ಕಣ್ಣು ಮಿಟುಕಿಸದೆ. "ನಮ್ಮ ಮುತ್ತಾತ ಸೈನ್ಯದಲ್ಲಿದ್ದ. ಮೈಸೂರಿನ ಕಡೆ. ಅರವತ್ತು ವರ್ಷ ಇದು ಒಂದು ಕಾಫಿ ಪೆಟ್ಟಿಗೆಯಲ್ಲೇ ಇತ್ತು."

ಸಂಗ್ರಾಹಕನ ಮೀಸೆ ಅದುರಿತು. ಗುಂಡು ತುಂಬುವ ತಿರುಗು ಉರುಳೆಯ ಸಂದಿಯಿಂದ ಸೂಜಿಯ ತುದಿಯಲ್ಲಿ ಏನನ್ನೋ ಕೆರೆದು ತೆಗೆದ. ಕೆಂಪು ಪುಡಿ. ಮೂರು ವಿಶಲ್ಲಿಗೂ ಹೋಗದ ಕುಂಕುಮ.

"ಕುಂಕುಮ! ಇದನ್ನ ಯಾರೋ ಪೂಜೆ ಮಾಡಿದಾರೆ!"

"ಹಾಗಂತ ನಮ್ಮ ಮನೇಲಿ ಹೇಳ್ತಿದ್ದರು" ಎಂದ ಫಿಂಟನ್.

ಅವರ ಇಂಗ್ಲಿಷಿನಲ್ಲಿ 'ಪೂಜಾ' ಎಂಬ ಒಂದು ಮಾತು ಮಾತ್ರ ತಿಳಿದ ವಸುಂಧರಮ್ಮನವರು, ಮಂಗಳಾರತಿ ಬಾಕಿಯಿದ್ದದ್ದು ನೆನಪಾಗಿ, ರಿವಾಲ್ವರಿಗೆ ಭಕ್ತಿಯಿಂದ ಕೈಮುಗಿದು ಕಣ್ಣಿಗೊತ್ತಿಕೊಂಡರು. ಸಂಗ್ರಾಹಕನ ಕಣ್ಣಲ್ಲಿ ನೀರು ಬಂತು. "ಮೂವತ್ತು ವರ್ಷದಲ್ಲಿ ಇಂಥಾ ಕಂದು ನೋಡಿಲ್ಲ. ಇದನ್ನ ಯಾರೂ ನಕಲು ಮಾಡೋಕಾಗಲ್ಲ" ಎಂದು ಹೇಳಿ, ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಎತ್ತಿಕೊಂಡು, ಹಳದಿ ಜಾಕೀಟಿನ ಗುಂಡಿ ಹಾಕಿಕೊಂಡು ಹೊರಟುಹೋದ.

ಫಿಂಟನ್ ಲೀಸಿನ ಕಾಗದ ಮೇಜಿನ ಮೇಲೆ ಹರಡಿದ. ಅವನು ಪೆನ್ನು ತೆಗೆದಾಗ ಹೇಮಚಂದ್ರನಿಂದ ತಡೆಯಲಾಗಲಿಲ್ಲ. ಮನೆ ಹೋದರೂ ಹೋಗಲಿ, ಆ ಪಾಪದ ಮುದುಕನ ಮುತ್ತಾತನ ಆಸ್ತಿಯನ್ನು ಕೆಡಿಸಿ ಅವನ ಕೈಯಿಂದಲೇ ಸಹಿ ತೆಗೆದುಕೊಳ್ಳುವುದಕ್ಕೆ ಇವನ ಮನಸ್ಸು ಒಪ್ಪಲಿಲ್ಲ.

"ಫಿಂಟನ್, ನಾನೊಂದು ತಪ್ಪು ಮಾಡಿದೀನಿ" ಎಂದ. ಹುಣಸೆಹಣ್ಣು, ಮಣ್ಣು, ಡಿಕಾಕ್ಷನ್, ಕುಕ್ಕರು, ಒಂದನ್ನೂ ಬಿಡದೆ ಹೇಳಿದ. "ನೂರ ಅರವತ್ತು ವರ್ಷದ ಕಂದನ್ನ ನಾವು ತೊಳೆದುಬಿಟ್ಟೆವು. ಕ್ಷಮಿಸಿ."

ಫಿಂಟನ್ ಪೆನ್ನನ್ನು ಕೆಳಗಿಟ್ಟ. ಆಮೇಲೆ ತನ್ನ ಕಂದು ಬೆರಳುಗಳನ್ನು ಮೇಜಿನ ಮೇಲೆ ಅಗಲಿಸಿಟ್ಟ.

"ನೂರ ಅರವತ್ತು ವರ್ಷ ಅಲ್ಲ ಹ್ಯಾಮ್" ಎಂದ. "ಹನ್ನೊಂದು ತಿಂಗಳು. ಮಂಗಳವಾರ, ಶುಕ್ರವಾರ. ಟೀ."

ಹೇಮಚಂದ್ರನಿಗೆ ಅತ್ತೆ ಬೆಳಿಗ್ಗೆ ಹೇಳಿದ ಟೀ ವಾಸನೆಯ ಮಾತು ಈಗ ಕಿವಿಗೆ ಬಿತ್ತು.

"ಅದು ಅಂಚೆಯಲ್ಲಿ ತರಿಸಿದ ನಕಲು. ಅವನು ಟೀ ಅಂದಾಗ ನನ್ನ ಎದೆ ನಿಂತೇಹೋಯ್ತು. ನೀನು ಉಳಿಸಿದೆ. ಆ ಕಾಫೀಲಿ ಏನು ಸೇರಿಸ್ತೀರಿ?"

"ಚಿಕೋರಿ" ಎಂದ ಹೇಮಚಂದ್ರ. "ನೂರಕ್ಕೆ ಇಪ್ಪತ್ತು."

"ಅದೇ! ನೋಡು, ನಿಮ್ಮ ಅಟ್ಟದಲ್ಲಿ ನೀರಿನ ತೊಟ್ಟಿ ಹಿಂದೆ ಇನ್ನೂ ಮೂರಿವೆ. ಲೀಸು ಮೂರು ವರ್ಷಕ್ಕೆ ಬರೀತೀನಿ."

"ನನ್ನಿಂದಾಗಲ್ಲ ಫಿಂಟನ್. ಇದು ಮೋಸ. ನಾವು ಪೌರತ್ವಕ್ಕೆ ಅರ್ಜಿ ಹಾಕಿದೀವಿ."

"ಹಾಗಾದರೆ ಗಾರ್ಡಾಗೆ ಹೇಳು" ಎಂದ ಫಿಂಟನ್, ಬೇಸರವೇನೂ ಇಲ್ಲದೆ. "ಬೇಯಿಸಿದವನು ನೀನು. ಕುಂಕುಮ ನಿಮ್ಮತ್ತೆಯದು. ನಾನು ಮೈಸೂರು ಅಂದಾಗ ಪಕ್ಕದಲ್ಲಿ ನಿಂತಿದ್ದ ಮೈಸೂರಿನವನೂ ನೀನೇ. ಮೊದಲು ಯಾರನ್ನ ಕೇಳ್ತಾರೆ?"

ಹೇಮಚಂದ್ರ ಸಹಿ ಹಾಕಿದ. ಬೆಳಗಿನಿಂದ ಅವನು ಯಾವ ತಪ್ಪೂ ಮಾಡದೆ ಪೊಲೀಸರಿಗೆ ಹೆದರಿದ್ದ. ಆ ಹೆದರಿಕೆಗೆ ಈಗ ಸರಿಯಾದ ಕಾರಣ ಸಿಕ್ಕಿತ್ತು.

ಸಂಜೆ ವಿನೋದಿನಿ ಡ್ಯೂಟಿ ಮುಗಿಸಿ ಬಂದಳು. ಲೀಸು ಮೂರು ವರ್ಷಕ್ಕೆ ಆಯಿತೆಂದು ಕೇಳಿ ಕುಣಿದಾಡಿದಳು. "ಫಿಂಟನ್ ಎಷ್ಟು ಒಳ್ಳೆಯವರು ನೋಡಿ. ನೀವು ಸುಮ್‌ಸುಮ್ನೆ ಅನುಮಾನ ಪಡ್ತಿದ್ರಿ" ಎಂದಳು. ಆಮೇಲೆ ಒಂದು ಲೋಟ ಕಾಫಿ ಕೇಳಿದಳು. ಹೇಮಚಂದ್ರ ಫಿಂಟನ್ ಬಿಟ್ಟುಹೋಗಿದ್ದ ಟೀ ಡಬ್ಬ ತೆಗೆದು ನೀರಿಗಿಟ್ಟ.

ಮುಂದಿನ ಭಾನುವಾರ, ಫಿಂಟನ್ ತರಿಸಿಕೊಟ್ಟ ಕಾಫಿ, ಚಿಕೋರಿ ಹಾಕಿದ ಕುಕ್ಕರು ಎರಡನೆಯ ವಿಶಲ್ ಕೂಗುತ್ತಿದ್ದಾಗ ಅದೇ ಗಾರ್ಡಾ ಗೇಟಿನ ಮುಂದೆ ಹಾದುಹೋದ. ನಿಂತು, ಮಾಸ್ಕು ಇಳಿಸಿ, ಮೂಸಿ ನಕ್ಕ.

"ಇವತ್ತೂ ಬೇಳೇನಾ?"

"ಬೇಳೇನೇ ಸರ್" ಎಂದ ಹೇಮಚಂದ್ರ. ಈ ಸಲ ಸುಳ್ಳು ತಡವರಿಸದೆ ಬಂದದ್ದಕ್ಕೆ ಅವನಿಗೇ ಅಳು ಬಂತು.

ಒಳಗಿನಿಂದ ವಸುಂಧರಮ್ಮನವರ ದನಿ ಕೇಳಿಸಿತು. "ಅಳಿಯಂದ್ರೇ, ಇನ್ನೆರಡನ್ನೂ ಒಟ್ಟಿಗೇ ಇಡೋದಾದ್ರೆ ಈ ಕುಕ್ಕರ್ ಸಾಲಲ್ಲ, ದೊಡ್ಡದು ಬೇಕು!"